ಭೂಗೋಳದ ಮೇಷ್ಟ್ರ ಹೊಟ್ಟೆಕಿಚ್ಚು

ಇನ್ನು ಮೇಲೆ ಯಾರನ್ನು ನೋಡಿಯೂ ಹೊಟ್ಟೆಕಿಚ್ಚು ಪಡಬಾರದು ಅಂತ ಪ್ರತಿ ವರ್ಷ ಕಾಲೇಜು ಶುರುವಾಗುವ ಮೊದಲು ನಾನು ತೀರ್ಮಾನ ಮಾಡುತ್ತೇನೆ. ಅಡ್ಮಿಷನ್ ಆರಂಭವಾದ ಮೂರನೇ ದಿನಕ್ಕೆ ಆ ತೀರ್ಮಾನ ಕಾಲು ಮುರಿದುಕೊಂಡು ಬೀಳುತ್ತದೆ. ತಪ್ಪು ನನ್ನದಲ್ಲ. ನಾನು ತಣ್ಣಗೆ ಕೂತಿದ್ದರೂ ಹೊಟ್ಟೆ ಉರಿಸುವ ಸಂಗತಿಗಳು ತಾವಾಗಿಯೇ ನನ್ನನ್ನು ಹುಡುಕಿಕೊಂಡು ಬರುತ್ತವೆ.

ನಾನು ಮೊಳಕಾಲ್ಮೂರು ತಾಲ್ಲೂಕಿನ ಒಂದು ಪಿಯು ಕಾಲೇಜಿನಲ್ಲಿ ಭೂಗೋಳ ಹೇಳುವವನು. ಮನೆ ಚಳ್ಳಕೆರೆ. ನಮ್ಮಲ್ಲಿ ಕಲಾ ವಿಭಾಗಕ್ಕೆ ಸೇರುವ ಮಕ್ಕಳು ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಮೂರನ್ನೂ ಓದಲೇಬೇಕು. ನಾಲ್ಕನೆಯದು ಅವರಿಷ್ಟ: ಸಮಾಜಶಾಸ್ತ್ರ ಇಲ್ಲವೇ ಭೂಗೋಳ. ಈ 'ಇಲ್ಲವೇ' ಅನ್ನುವ ಮೂರಕ್ಷರದಲ್ಲಿ ನನ್ನ ನೌಕರಿ ನೇತಾಡುತ್ತಿದೆ. ಸಮಾಜಶಾಸ್ತ್ರದಲ್ಲಿ ಪ್ರಾಕ್ಟಿಕಲ್ ಇಲ್ಲ, ನಕ್ಷೆ ಇಲ್ಲ, ಪೆನ್ಸಿಲ್ ಚೂಪು ಮಾಡುವ ಕೆಲಸವಿಲ್ಲ. ಅದನ್ನು ಹೇಳುವ ಮೇಡಮ್ಮಿನ ತರಗತಿಯಲ್ಲಿ ಬೆಂಚು ಸಾಲದೆ ಮಕ್ಕಳು ಕಿಟಕಿ ಕಟ್ಟೆಯ ಮೇಲೆ ಕೂರುತ್ತಾರೆ. ನನ್ನ ತರಗತಿಯಲ್ಲಿ ತಲೆಗೊಂದು ಬೆಂಚು. ಬೇಕಾದರೆ ಮಲಗಬಹುದು, ಕೆಲವರು ಮಲಗುತ್ತಾರೆ ಕೂಡ.

ಪ್ರಿನ್ಸಿಪಾಲರು ವರ್ಷಕ್ಕೊಂದು ಸಲ ನನ್ನನ್ನು ಒಳಗೆ ಕರೆದು, "ನೋಡ್ರಿ, ಮಕ್ಕಳು ಕಮ್ಮಿ ಆದ್ರೆ ಹುದ್ದೆ ಬೇರೆ ಕಡೆ ಹೋಗುತ್ತೆ. ಹುದ್ದೆ ಹೋದ ಮೇಲೆ ನೀವೊಬ್ರೇ ಇಲ್ಲಿದ್ದು ಏನ್ ಮಾಡ್ತೀರಿ?" ಅಂತ ಮೃದುವಾಗಿ ಕೇಳುತ್ತಾರೆ.

ಮೇಡಂ ಕೆಟ್ಟವರಾಗಿದ್ದಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು. ಅವರು ಒಳ್ಳೆಯವರು. ಡಬ್ಬಿಯಲ್ಲಿ ಒಬ್ಬಟ್ಟು ತಂದರೆ ಮೊದಲು ನನಗೇ ಕೊಡುತ್ತಾರೆ. ಒಬ್ಬಟ್ಟು ತಿನ್ನುತ್ತಾ ಒಳಗೊಳಗೇ ಕುದಿಯುವುದು ಎಷ್ಟು ಕಷ್ಟ ಅನ್ನುವುದು ಅನುಭವಿಸಿದವರಿಗೇ ಗೊತ್ತು.

ಬಸ್ಸಿನ ಸೀಟು

ಮೇಡಮ್ಮಿನ ಮನೆಯೂ ಚಳ್ಳಕೆರೆಯೇ. ಇಬ್ಬರೂ ಬೆಳಗ್ಗೆ ಒಂದೇ ಬಸ್ಸು ಹತ್ತುತ್ತೇವೆ. ನಾವಿಬ್ಬರೂ ಒಂದೇ ಬಾಗಿಲಿನಿಂದ ಹತ್ತಿದರೂ ಆ ಬಸ್ಸು ಅವರಿಗೊಂದು ತರ, ನನಗೊಂದು ತರ.

ಅವರು ಮೆಟ್ಟಿಲ ಮೇಲೆ ಕಾಲಿಟ್ಟರೆ ಸಾಕು, ಯಾವುದೋ ಸೀಟಿನಿಂದ ಒಬ್ಬಳು ಎದ್ದು, "ಮೇಡಂ, ಇಲ್ಲಿ ಬರ್ರಿ, ನಾನು ನಿಮ್ಮ ಸ್ಟೂಡೆಂಟು" ಅನ್ನುತ್ತಾಳೆ. ಕೈಯಲ್ಲಿ ಮಗು ಇದ್ದರೂ ಏಳುತ್ತಾಳೆ. ಒಂದು ಸಲ ಕಂಡಕ್ಟರೇ ತನ್ನ ಸೀಟು ಬಿಟ್ಟುಕೊಟ್ಟ, ಅವನೂ ಹಳೆಯ ಸ್ಟೂಡೆಂಟು. ಮೇಡಂ ಕೂತು, ಬ್ಯಾಗನ್ನು ಮಡಿಲಿಗಿಟ್ಟು, ನನ್ನ ಕಡೆ ನೋಡಿ, "ಸಾರ್, ನಿಮ್ಮ ಊಟದ ಡಬ್ಬಿ ಕೊಡ್ರಿ, ಹಿಡ್ಕೊಂತೀನಿ" ಅನ್ನುತ್ತಾರೆ. ನಾನು ದಾರಿಯ ತಳಕು, ಹಾನಗಲ್ ಹಳ್ಳಿಗಳನ್ನು ದಾಟುವವರೆಗೂ ಮೇಲಿನ ಕಂಬಿಗೆ ಬಾವಲಿಯ ಹಾಗೆ ನೇತಾಡುತ್ತಾ, ನಿಂತಿರುವ ನನ್ನನ್ನೂ ಕೂತಿರುವ ನನ್ನ ಡಬ್ಬಿಯನ್ನೂ ಹೋಲಿಸಿಕೊಂಡು ಹೋಗುತ್ತೇನೆ.

ನನಗೂ ಹಳೆಯ ವಿದ್ಯಾರ್ಥಿಗಳು ಇದ್ದಾರೆ. ಆದರೆ ನನ್ನನ್ನು ಕಂಡ ಕೂಡಲೇ ಅವರಿಗೆ ಕಿಟಕಿಯ ಹೊರಗೆ ಏನೋ ಬಹಳ ಮುಖ್ಯವಾದದ್ದು ಕಾಣಿಸತೊಡಗುತ್ತದೆ.

ಒಂದು ಸೋಮವಾರ ಬಸ್ಸು ಹತ್ತಿದೆ. ಕಾಲಿಡಲು ಜಾಗವಿಲ್ಲ. ಮೂರನೇ ಸಾಲಿನಿಂದ ಒಬ್ಬ ಯುವಕ ಎದ್ದು ನಿಂತು, "ಸಾರ್! ಇಲ್ಲಿ ಬನ್ನಿ ಸಾರ್, ಕೂತ್ಕಳಿ!" ಅಂತ ಇಡೀ ಬಸ್ಸಿಗೆ ಕೇಳುವ ಹಾಗೆ ಕೂಗಿದ. ಜನ ದಾರಿ ಬಿಟ್ಟರು. ನಾನು ಮದುವೆ ಮನೆಯ ಬೀಗರ ಗತ್ತಿನಲ್ಲಿ ನಡೆದು ಹೋಗಿ ಕೂತೆ. ಎದೆ ತುಂಬಿ ಬಂತು. ಎಲ್ಲರಿಗೂ ಕೇಳಲಿ ಅಂತ ದೊಡ್ಡ ಗಂಟಲಲ್ಲೇ ಕೇಳಿದೆ: "ಯಾವ ವರ್ಷದ ಬ್ಯಾಚಪ್ಪ ನೀನು? ಭೂಗೋಳ ತಾನೇ?"

ಅವನು ಅದಕ್ಕಿಂತ ದೊಡ್ಡ ಗಂಟಲಲ್ಲಿ, "ಇಲ್ಲ ಸಾರ್, ಸಮಾಜಶಾಸ್ತ್ರ. ಸೀಟು ಮೇಡಂಗೆ ಅಂತ ಹಿಡಿದಿದ್ದೆ. ಅವ್ರು ಇವತ್ತು ರಜಾ ಅಂತೆ, ಈಗ ಫೋನ್ ಬಂತು" ಅಂದ.

ಬದುವಿನ ಜಗಳ

ಅಡ್ಮಿಷನ್ ಸಮಯದಲ್ಲಿ ಮೇಡಂ ಸ್ಟಾಫ್ ರೂಮಿನಲ್ಲಿ ಕೂತು ಸೀರೆಯ ಮಾತಾಡುತ್ತಿರುತ್ತಾರೆ, ಮಕ್ಕಳು ತಾವೇ ಹುಡುಕಿಕೊಂಡು ಹೋಗುತ್ತಾರೆ. ನಾನು ಮಾತ್ರ ಆಫೀಸಿನ ಬಾಗಿಲಲ್ಲಿ ಬಸ್ ಸ್ಟ್ಯಾಂಡಿನ ಹಣ್ಣಿನವನ ಹಾಗೆ ನಿಂತಿರುತ್ತೇನೆ.

ಹಾಗೆ ನಿಂತಿದ್ದಾಗ ಒಬ್ಬ ಅಪ್ಪ ಮಗಳನ್ನು ಕರೆದುಕೊಂಡು ಬಂದ. ಕುರಿ, ದನ ಮೇಯುವ ವರವು ಕಾವಲ್ ಅಂಚಿನ ಹಳ್ಳಿಯವನು. ಹೆಗಲ ಮೇಲೆ ಕಂಬಳಿ, ಮನೆತುಂಬ ಕುರಿ, ಜೊತೆಗೆ ಒಂದಿಷ್ಟು ಹೊಲ. ಮಗಳು ಫಾರಂನಲ್ಲಿ ಆಗಲೇ ಸಮಾಜಶಾಸ್ತ್ರ ಅಂತ ತುಂಬಿಕೊಂಡು ಬಂದಿದ್ದಳು.

ನಾನು ಅಡ್ಡ ಹಾಕಿ, "ಭೂಗೋಳ ತಗೊಳ್ಳಮ್ಮ. ಭೂಮಿ ಬಗ್ಗೆ ಎಲ್ಲಾ ತಿಳ್ಕೊಬೋದು" ಅಂದೆ.

ಅಪ್ಪನ ಕಿವಿ ನೆಟ್ಟಗಾಯಿತು. "ಭೂಮಿ ವಿಷ್ಯಾನಾ? ಅಳಿಯೋದು ಹೇಳ್ಕೊಡ್ತೀರೇನ್ರಿ?"

"ಹೇಳ್ಕೊಡ್ತೀವಿ. ಟೇಪು ಹಿಡಿದು ಅಳೆದು ನಕ್ಷೆ ಬರೆಯೋದು ಪ್ರಾಕ್ಟಿಕಲ್‌ನಲ್ಲೇ ಐತೆ."

"ಯಾರ್ ಹೊಲ ಯಾರ್ ಕಡೀಗೆ ಸರಿದೈತೆ ಅಂತ ಗೊತ್ತಾಗ್ತೈತಾ?"

ಪ್ರಿನ್ಸಿಪಾಲರ ಮಾತು ನೆನಪಾಯಿತು. "ಗೊತ್ತಾಗ್ದೆ ಏನು" ಅಂದೆ.

ಆ ಮನುಷ್ಯ ಮಗಳ ಕೈಯಿಂದ ಫಾರಂ ಕಿತ್ತುಕೊಂಡು, "ಹೊಡೆದಾಕ್ರಿ ಅದನ್ನ. ಭೂಗೋಳ ಅಂತ ಬರೀರಿ" ಅಂದ. ಅವನಿಗೂ ಅವನ ಅಣ್ಣನಿಗೂ ಹೊಲದ ಬದುವಿನ ವಿಚಾರದಲ್ಲಿ ಬಹಳ ವರ್ಷದಿಂದ ಮಾತುಕತೆ ನಿಂತಿತ್ತಂತೆ. ಅಣ್ಣ ಬದು ಒತ್ತಿದ್ದಾನೆ ಅನ್ನುವುದು ಇವನ ದೂರು.

ಸುದ್ದಿ ಹಬ್ಬಿತು. ವಾರದೊಳಗೆ ಇನ್ನೂ ಎಂಟು ಜನ ಅಪ್ಪಂದಿರು ಬಂದರು, ಎಂಟೂ ಜನಕ್ಕೆ ಬದುವಿನ ಜಗಳ. ಮೇಡಂ ಬೆರಗಾಗಿ, "ಏನ್ ಸಾರ್, ಈ ಸಲ ಏನ್ ಮಂತ್ರ ಹಾಕಿದಿರಿ?" ಅಂತ ಕೇಳಿದರು. "ವಿಷಯದ ಮೇಲೆ ಪ್ರೀತಿ ಹುಟ್ಟಿಸಬೇಕು ಮೇಡಂ" ಅಂದೆ.

ದಸರಾ ರಜೆ ಮುಗಿದ ಮಾರನೇ ದಿನ ಅದೇ ಅಪ್ಪ ಮತ್ತೆ ಬಂದ. ಮುಖ ಗಂಟಿಕ್ಕಿತ್ತು. ಹುಡುಗಿ ಕಾಲೇಜಿನ ಟೇಪನ್ನು ರಜೆಗೆ ಕೇಳಿ ಪಡೆದು ಒಯ್ದಿದ್ದು ನನಗೆ ಗೊತ್ತಿತ್ತು.

"ಏನಾಯ್ತಪ್ಪ? ಅಳೆದಳಾ?"

"ಅಳದ್ಲು ಸಾರ್. ಹಳೇ ನಕ್ಷೆ ಇಟ್ಕೊಂಡು ಮೂರು ದಿನ ಅಳದ್ಲು. ಎರಡು ಮೊಳ ಒತ್ತಿರೋದು ಖರೆ."

"ಮತ್ತೆ ಒಳ್ಳೇದೇ ಆಯ್ತಲ್ಲ!"

"ಏನ್ ಒಳ್ಳೇದ್ರಿ? ಒತ್ತಿರೋನು ನಾನಂತೆ! ಅದನ್ನ ನನ್ ಕಿವೀಲಿ ಹೇಳಿದ್ರೆ ಆಗ್ತಿರ್ಲಿಲ್ವಾ? ಅವರ ದೊಡ್ಡಪ್ಪ, ದೊಡ್ಡವ್ವನ್ನ ಕರೆದು ನಿಲ್ಲಿಸಿ ಗೂಟ ಹೊಡ್ದು ತೋರಿಸವ್ಳೆ."

"ಈಗ ಅಣ್ಣ ಏನಂತಾನೆ?" ಅಂದೆ.

"ಅವ್ನೇನು, ಖುಷಿಯಾಗವ್ನೆ. ಮಾತಾಡ್ಸಕ್ಕೆ ಶುರು ಮಾಡವ್ನೆ. ನಿನ್ನೆ ಮನೀಗೆ ಊಟಕ್ಕೂ ಕರೆದಿದ್ದ" ಅಂದು, ಕಂಬಳಿ ಸರಿಮಾಡಿಕೊಂಡು ಎದ್ದ. ಬಾಗಿಲಲ್ಲಿ ತಿರುಗಿ ನಿಂತು ಹೇಳಿದ: "ಇವಳ ತಂಗೀನ ಮಾತ್ರ ಸಮಾಜಶಾಸ್ತ್ರಕ್ಕೇ ಹಾಕ್ತೀನ್ರಿ. ಆ ಮೇಡಮ್ಮು ಯಾರ ಹೊಲಾನೂ ಅಳೆಯಂಗಿಲ್ವಂತೆ."

ಮಳೆಮಾಪಕ

ನನ್ನ ಹೊಟ್ಟೆಕಿಚ್ಚು ಮನುಷ್ಯರಿಗೆ ಮಾತ್ರ ಮೀಸಲಲ್ಲ. ಮೋಡಗಳನ್ನು ಕಂಡೂ ನಾನು ಹೊಟ್ಟೆ ಉರಿದುಕೊಂಡಿದ್ದೇನೆ.

ನನ್ನ ಜೊತೆ ಎಂ.ಎ. ಓದಿದವನೊಬ್ಬ ಕರಾವಳಿಯ ಕಾಲೇಜಿನಲ್ಲಿ ಭೂಗೋಳ ಹೇಳುತ್ತಾನೆ. ಹಳೆಯ ಸಹಪಾಠಿಗಳದ್ದೊಂದು ವಾಟ್ಸಾಪ್ ಗುಂಪಿದೆ. ಜೂನ್ ಬಂತೆಂದರೆ ಅವನು ಬೆಳಗ್ಗೆ ಎದ್ದ ಕೂಡಲೇ ತನ್ನ ಕಾಲೇಜಿನ ಮಳೆಮಾಪಕದ ಫೋಟೋ ಹಾಕಿ, "ನಿನ್ನೆ ನೂರ ಅರವತ್ತು ಮಿಲಿಮೀಟರ್. ನಿಮ್ಮಲ್ಲಿ?" ಅಂತ ಬರೆಯುತ್ತಾನೆ. ನಿಮ್ಮಲ್ಲಿ ಅಂದರೆ ನನ್ನಲ್ಲಿ. ಉಳಿದವರು ನನ್ನ ಉತ್ತರಕ್ಕೆ ಕಾಯುತ್ತಾರೆ.

ನಮ್ಮ ಕಡೆ ಮೋಡ ಬರುವುದಿಲ್ಲ ಅಂತಲ್ಲ. ಬರುತ್ತದೆ, ಬಗ್ಗಿ ನೋಡುತ್ತದೆ, ಏನೋ ನೆನಪಾದ ಹಾಗೆ ಆಂಧ್ರದ ಕಡೆ ಹೊರಟುಹೋಗುತ್ತದೆ. ನಾನೂ ಕಾಲೇಜಿನ ಹಿಂಭಾಗದಲ್ಲಿ ಮಕ್ಕಳ ಕೈಯಲ್ಲಿ ಗುಂಡಿ ತೋಡಿಸಿ ಒಂದು ಮಳೆಮಾಪಕ ನಿಲ್ಲಿಸಿದ್ದೆ. ಸುತ್ತ ಮುಳ್ಳು ಬೇಲಿ, ಒಂದು ಬೋರ್ಡು. ಮಕ್ಕಳು ದಿನಾ ಬೆಳಗ್ಗೆ ಹೋಗಿ ನೋಡಿ ರೆಕಾರ್ಡಿನಲ್ಲಿ ಬರೆಯಬೇಕು. ಬರೆದರು. ಸೊನ್ನೆ. ಸೊನ್ನೆ. ಸೊನ್ನೆ. ಒಬ್ಬ ಹುಡುಗ ಜಾಣತನ ಮಾಡಿ ಇಡೀ ತಿಂಗಳಿನ ಸೊನ್ನೆಗಳನ್ನು ಮೊದಲೇ ಬರೆದಿಟ್ಟುಕೊಂಡಿದ್ದ. ಬೈದೆ. ತಿಂಗಳ ಕೊನೆಗೆ ನೋಡಿದರೆ ಅವನದೇ ಸರಿಯಾಗಿತ್ತು.

ಆಮೇಲೆ ಒಂದು ದಿನ ನಾನು ಬಸ್ಸಿಳಿದು ಒಳಗೆ ಬರುವಷ್ಟರಲ್ಲಿ ಮಕ್ಕಳು ಓಡಿಬಂದರು. "ಸಾರ್, ಐತೆ ಸಾರ್! ನೀರೈತೆ!"

ಓಡಿದೆ. ನಿಜ. ಅಳತೆಯ ಪಾತ್ರೆಗೆ ಸುರಿದು ನೋಡಿದರೆ ಹದಿನಾಲ್ಕು ಮಿಲಿಮೀಟರ್. ಚಳ್ಳಕೆರೆಯಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ಇದು ಸ್ಥಳೀಯ ಪರಿಸರಣ ಮಳೆ ಅಂತ ಮಕ್ಕಳಿಗೆ ಅಲ್ಲೇ ನಿಂತು ಅರ್ಧ ಗಂಟೆ ಪಾಠ ಮಾಡಿದೆ: ನೆಲ ಕಾಯುವುದು, ಗಾಳಿ ಮೇಲೇರುವುದು, ಮೋಡ ಕಟ್ಟುವುದು, ಪಕ್ಕದ ಊರಿಗೆ ಹನಿ ಇಲ್ಲದಿದ್ದರೂ ಈ ಊರಿಗೆ ಸುರಿಯುವುದು. ಫೋಟೋ ತೆಗೆದು ಗುಂಪಿಗೆ ಹಾಕಿದೆ. "ಹದಿನಾಲ್ಕು. ನಿಮ್ಮಲ್ಲಿ?" ಅಂತ ಬರೆದೆ. ಚಪ್ಪಾಳೆಯ ಚಿತ್ರಗಳು ಸಾಲಾಗಿ ಬಂದವು. ಕರಾವಳಿಯವನೂ ಒಂದು ಹಾಕಿದ. ಅವತ್ತು ಅವನಲ್ಲಿ ಬಿಸಿಲಂತೆ. ನನಗೆ ಊಟ ರುಚಿಸಿತು.

ಮಧ್ಯಾಹ್ನ ನಮ್ಮ ಅಟೆಂಡರ್ ಕೊಡ ಹಿಡಿದುಕೊಂಡು ಹಿತ್ತಲಿನಿಂದ ಬಂದ. ನಿವೃತ್ತಿಯ ಅಂಚಿನಲ್ಲಿರುವ, ದಯಾವಂತ ಮನುಷ್ಯ.

"ಸಾರ್, ಬೇವಿನ ಸಸಿಗೆಲ್ಲ ನೀರು ಹಾಕ್ದೆ. ನಿಮ್ಮ ಡಬ್ಬೀಗೂ ನಿನ್ನೆ ಸಾಯಂಕಾಲದಿಂದ ಶುರು ಮಾಡೀನಿ. ಮಕ್ಕಳು ದಿನಾ ಬಂದು ನೋಡಿ ನೋಡಿ ಹೋಗ್ತವೆ, ಪಾಪ, ಏನೂ ಚಿಗುರೇ ಇಲ್ಲ."

ಬರೆಯದ ಬಂಡೆ

ನಮ್ಮ ತಾಲ್ಲೂಕಿನ ಬಂಡೆಗಳೆಂದರೆ ನನಗೆ ಪ್ರಾಣ. ಸಮಾಜಶಾಸ್ತ್ರಕ್ಕೆ ಅಂತ ಏನೇ ಇರಲಿ, ಬಂಡೆಯಂತೂ ನನ್ನ ಪಾಲಿನದು ಅಂತ ನಂಬಿದ್ದೆ. ಹಾಗಾಗಿ ಎರಡೂ ವಿಷಯದ ಮಕ್ಕಳನ್ನು ಒಟ್ಟಿಗೆ ಜಟಿಂಗ ರಾಮೇಶ್ವರದ ಬೆಟ್ಟಕ್ಕೆ ಕರೆದುಕೊಂಡು ಹೋಗೋಣ ಅಂತ ಪ್ರಿನ್ಸಿಪಾಲರು ಹೇಳಿದಾಗ ನನಗೆ ಸಂತೋಷವೇ ಆಯಿತು. ಅಲ್ಲಿ ಮೇಡಂ ಏನು ಮಾಡುತ್ತಾರೆ ನೋಡೋಣ ಅಂದುಕೊಂಡೆ.

ಮೆಟ್ಟಿಲು ಹತ್ತುವಾಗಲೇ ನನ್ನ ಲೆಕ್ಕ ತಪ್ಪತೊಡಗಿತು. ಗಡಿಯಾಚೆಯಿಂದ ದೇವರಿಗೆ ಬಂದಿದ್ದ ಒಂದು ದೊಡ್ಡ ಕುಟುಂಬ ಮೆಟ್ಟಿಲ ಮೇಲೆ ದಣಿವಾರಿಸಿಕೊಳ್ಳುತ್ತಿತ್ತು. ಮೇಡಂ ಅವರ ಪಕ್ಕ ಕೂತು ತೆಲುಗಿನಲ್ಲಿ ಮಾತಿಗಿಳಿದರು. ಐದು ನಿಮಿಷದಲ್ಲಿ ಆ ಮನೆಯ ಅಜ್ಜಿ ಮೇಡಮ್ಮಿನ ಕೈಗೆ ಮಂಡಕ್ಕಿ ಸುರಿದು, ಮೂರು ಸೊಸೆಯರ ಕತೆಯನ್ನೂ ಹೇಳತೊಡಗಿತು. ಮಕ್ಕಳೆಲ್ಲ ಸುತ್ತ ಕೂತರು. "ಅವಿಭಕ್ತ ಕುಟುಂಬ ಅಂದ್ರೆ ಇದೇ, ನೋಡ್ಕಳಿ" ಅಂದರು ಮೇಡಂ. ನನ್ನ ಮಕ್ಕಳೂ ನೋಡಿಕೊಂಡರು. ಮಂಡಕ್ಕಿಯನ್ನೂ ತಿಂದರು.

ಮೇಲೆ ಹೋದ ಮೇಲಾದರೂ ನನ್ನ ಸರದಿ ಬರಬಹುದು ಅಂತ ಕಾದೆ. ಅಲ್ಲಿ ಅಶೋಕನ ಶಾಸನವಿದೆ. ಅದರಲ್ಲಿ ಏನಿದೆ ಅಂತ ಒಬ್ಬ ಹುಡುಗ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಮೇಡಂ ಹೇಳಿದರು: ತಂದೆ ತಾಯಿ ಮಾತು ಕೇಳಿ, ಗುರುಗಳನ್ನು ಗೌರವಿಸಿ, ಪ್ರಾಣಿಗಳ ಮೇಲೆ ದಯೆ ಇಡಿ, ನಿಜ ಹೇಳಿ ಅಂತ ಈ ಸುತ್ತಿನ ಶಾಸನಗಳಲ್ಲಿದೆ. "ಕುಟುಂಬ, ಶಿಕ್ಷಣ, ಮೌಲ್ಯ. ನಮ್ಮ ಮೂರು ಪಾಠಾನೂ ಇಲ್ಲೇ ಅದಾವೆ ನೋಡ್ರಿ!"

ಅಶೋಕ ಚಕ್ರವರ್ತಿಯೂ ನಾಲ್ಕನೇ ವಿಷಯವಾಗಿ ಸಮಾಜಶಾಸ್ತ್ರವನ್ನೇ ತಗೊಂಡಿದ್ದಾನೆ ಅಂತ ಆಗ ನನಗೆ ಗೊತ್ತಾಯಿತು.

ಸೋಲೊಪ್ಪಲು ಮನಸ್ಸು ಬರಲಿಲ್ಲ. ನಾಲ್ಕು ಹೆಜ್ಜೆ ಆಚೆಗಿದ್ದ ಒಂದು ಬೋಳು ಬಂಡೆಯ ಮೇಲೆ ಹತ್ತಿ ನಿಂತು ಕೂಗಿ ಹೇಳಿದೆ: "ಇಲ್ಲಿ ನೋಡ್ರೋ! ಆ ಬರಹಕ್ಕೆ ಎರಡು ಸಾವಿರ ಚಿಲ್ಲರೆ ವರ್ಷ. ನಾನು ನಿಂತಿರೋ ಈ ಬಂಡೆಗೆ ಹತ್ತಿರ ಹತ್ತಿರ ಇನ್ನೂರೈವತ್ತು ಕೋಟಿ ವರ್ಷ! ಇದರ ಮುಂದೆ ಅಶೋಕ ನಿನ್ನೆ ಹುಟ್ಟಿದ ಕೂಸು!"

ಮಕ್ಕಳು ತಿರುಗಿ ನೋಡಿದರು. ಒಬ್ಬಳು ನನ್ನ ಹತ್ತಿರ ಬಂದು ಬಂಡೆಯ ಸುತ್ತ ಒಂದು ಸುತ್ತು ಹಾಕಿ, ಕೈಯಿಂದ ಸವರಿ ನೋಡಿದಳು. ಇವಳಾದರೂ ಒಬ್ಬಳು ಅಂತ ನನ್ನ ಮನಸ್ಸು ಹಿಗ್ಗಿತು.

"ಸಾರ್, ಇಷ್ಟು ವರ್ಷ ಇದ್ದೂ ಯಾರೂ ಏನೂ ಬರೆದಿಲ್ವಲ್ಲ ಸಾರ್ ಇದ್ರ ಮೇಲೆ" ಅಂದಳು.

ವೈವಾ

ಬದು ಅಳೆದ ಆ ಕುರಿಗಾಹಿಯ ಮಗಳು ಎರಡನೇ ವರ್ಷಕ್ಕೆ ಬಂದಳು. ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನಿಂದ ಒಬ್ಬರು ಪರೀಕ್ಷಕರು ಬಂದಿದ್ದರು. ಬಹಳ ಬಿಗಿಯಾದ ಮನುಷ್ಯ, ಟೀ ಕೊಟ್ಟರೂ ಮೊದಲು ಸಂಶಯದಿಂದ ನೋಡುವವರು. ನನ್ನ ಮಕ್ಕಳ ಅಂಕ ಚೆನ್ನಾಗಿ ಬಂದರೆ ಮುಂದಿನ ವರ್ಷದ ಅಡ್ಮಿಷನ್‌ಗೆ ಅನುಕೂಲ, ಇಲ್ಲದಿದ್ದರೆ ಹುದ್ದೆಯ ಕತೆ ಮುಗಿಯಿತು. ಹಾಗಾಗಿ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ.

"ಸಮಶೀತೋಷ್ಣ ವಲಯದ ಹುಲ್ಲುಗಾವಲುಗಳನ್ನ ಹೆಸರಿಸಮ್ಮ" ಅಂದರು.

"ಪ್ರೈರಿ, ಪಂಪಾಸ್, ಸ್ಟೆಪ್ಪಿ" ಅಂದಳು ಹುಡುಗಿ. ನಾನು ಉಸಿರು ಬಿಟ್ಟೆ. ಅಷ್ಟಕ್ಕೆ ಅವಳು ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. "ಸಾರ್, ನಾನೊಂದು ಕೇಳ್ಲಾ? ಅಲ್ಲೂ ಸುತ್ತ ಗೋಡೆ ಐತಾ?"

"ಗೋಡೆಯಾ? ಹುಲ್ಲುಗಾವಲಿಗೆ ಯಾಕಮ್ಮ ಗೋಡೆ?"

"ನಮ್ಮ ವರವು ಕಾವಲಿಗೆ ಬಂದೈತಲ್ಲ ಸಾರ್, ಸರ್ಕಾರದ ಸಂಶೋಧನಾ ಕೇಂದ್ರಗಳು ಬಂದ್ಮೇಲೆ. ಅದೂ ಹುಲ್ಲುಗಾವಲೇ. ಪುಸ್ತಕದಲ್ಲಿ ಅದರ ಹೆಸರಿಲ್ಲ ಅಷ್ಟೆ." ಆಮೇಲೆ ಅವಳು ನಿಂತ ಕಡೆಯೇ ಶುರು ಮಾಡಿದಳು: ಯಾವ ಹುಲ್ಲು ಯಾವ ತಿಂಗಳು ಬರುತ್ತದೆ, ಯಾವುದನ್ನು ಕುರಿ ತಿನ್ನುತ್ತದೆ, ಯಾವುದನ್ನು ದನ ಮಾತ್ರ ತಿನ್ನುತ್ತದೆ, ಕರಿ ನೆಲದ ಹುಲ್ಲಿಗೂ ಕೆಂಪು ನೆಲದ ಹುಲ್ಲಿಗೂ ಏನು ವ್ಯತ್ಯಾಸ, ಗೋಡೆ ಬಂದ ಮೇಲೆ ಅವರಪ್ಪ ಮಂದೆಯನ್ನು ಯಾವ ಸುತ್ತಿನಲ್ಲಿ ಹೊಡೆದುಕೊಂಡು ಹೋಗುತ್ತಾನೆ. ಪರೀಕ್ಷಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಒಂದು ಹಾಳೆ ಕೊಟ್ಟು, "ಆ ದಾರಿ ಬರೆದು ತೋರಿಸು" ಅಂದರು. ಬರೆದಳು. ಉಳಿದ ಮಕ್ಕಳು ಕಾಯುತ್ತಿದ್ದರು. ಪರೀಕ್ಷಕರು ಅರ್ಧ ಗಂಟೆ ಅವಳೊಬ್ಬಳ ಜೊತೆಯೇ ಮಾತಾಡಿದರು.

"ಭಪ್ಪರೆ!" ಅಂದರು ಕೊನೆಗೆ. "ಇದನ್ನೆಲ್ಲ ನಿನಗೆ ಹೇಳ್ಕೊಟ್ಟೋರು ಯಾರಮ್ಮ?"

ನಾನು ಬಾಗಿಲ ಮರೆಯಲ್ಲೇ ಅಂಗಿಯ ಕಾಲರ್ ಸರಿಮಾಡಿಕೊಂಡೆ.

"ನಮ್ಮಪ್ಪ ಸಾರ್."

ನಾನು ಕೆಮ್ಮಿದೆ. ಎರಡು ವರ್ಷ ಬೋರ್ಡಿನ ಮುಂದೆ ಸೀಮೆಸುಣ್ಣ ಉಸಿರಾಡಿದವನು ನಾನು, ಹೆಸರು ಕುರಿ ಕಾಯುವವನಿಗೆ. ಪಾಪದ ಹುಡುಗಿಗೆ ನನ್ನ ಕೆಮ್ಮು ಅರ್ಥವಾಯಿತು. ಗುರುಗಳ ಮರ್ಯಾದೆ ಉಳಿಸಬೇಕು ಅಂತ ಗಡಿಬಿಡಿಯಲ್ಲಿ ಹೇಳಿದಳು: "ನಮ್ಮ ಸಾರೂ ಹೇಳ್ಕೊಟ್ಟವ್ರೆ ಸಾರ್. ಸ್ಟೆಪ್ಪಿ ಅನ್ನೋದ್ರಲ್ಲಿ ಒತ್ತು ಎಲ್ಲೆಲ್ಲಿ ಕೊಡ್ಬೇಕು ಅಂತ."

ಅವಳಿಗೆ ಪೂರ್ತಿ ಅಂಕ ಬಂತು. ಮಾರನೇ ವರ್ಷ ಅವಳ ಹಳ್ಳಿಯಿಂದ, ಸುತ್ತಲ ಹಟ್ಟಿಗಳಿಂದ ಏಳು ಮಕ್ಕಳು ಭೂಗೋಳ ಬೇಕು ಅಂತ ಬಂದರು. ಹುದ್ದೆ ಉಳಿಯಿತು. ಯಾಕೆ ಭೂಗೋಳ ಅಂತ ಒಬ್ಬೊಬ್ಬರನ್ನೇ ಕೇಳಿದೆ. ಏಳೂ ಮಕ್ಕಳು ಈ ಅಕ್ಕನ ಹೆಸರು ಹೇಳಿದರು. ನನ್ನ ಹೆಸರು ಅವರಿಗೆ ಗೊತ್ತಿರಲಿಲ್ಲ.

ಅಧಿಕ ಒತ್ತಡ ಪ್ರದೇಶ

ಅದೇ ವರ್ಷ ನನ್ನ ಮಗಳು ಹತ್ತನೇ ತರಗತಿ ಮುಗಿಸಿದಳು. ಆರ್ಟ್ಸೇ ಓದುತ್ತೀನಿ ಅಂದಳು. ನನಗೆ ಕಣ್ಣಲ್ಲಿ ನೀರು ಬಂತು. ಅವಳು ತೊಟ್ಟಿಲಲ್ಲಿದ್ದಾಗ ಎಲ್ಲರೂ ಗಿಲಕಿ ಆಡಿಸಿದರೆ ನಾನು ಭೂಗೋಳದ ಗೋಳ ತಿರುಗಿಸಿ ತೋರಿಸಿದವನು. ನನ್ನ ಕಾಲೇಜಿಗೇ ಸೇರಿಸಿದೆ.

ಫಾರಂ ಆಫೀಸಿನಿಂದ ನನ್ನ ಕೈಗೆ ಬಂತು. ನಾಲ್ಕನೇ ವಿಷಯ: ಸಮಾಜಶಾಸ್ತ್ರ.

"ಯಾಕವ್ವಾ?" ಅಂತ ಕೇಳಿದೆ.

"ಅಪ್ಪ, ಮನೇಲೂ ನೀನು, ಬಸ್ಸಲ್ಲೂ ನೀನು. ಕ್ಲಾಸಲ್ಲೂ ನೀನೇನಾ?"

ಅವತ್ತಿನಿಂದ ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಸಾರಿನ ಜೊತೆ ಮೇಡಮ್ಮನ್ನೂ ಬಡಿಸತೊಡಗಿದರು. ಮೇಡಂ ಹಿಂಗಂದ್ರು, ಮೇಡಂ ಹಂಗಂದ್ರು. ಹೆಂಡತಿಯೂ, "ಎಷ್ಟು ಚೆನ್ನಾಗಿ ಹೇಳ್ತಾರಲ್ರಿ ಅವ್ರು" ಅನ್ನುತ್ತಿದ್ದಳು. ನಾನು ಉಪ್ಪಿನಕಾಯಿಯನ್ನೇ ನೋಡುತ್ತಾ ಉಣ್ಣುತ್ತಿದ್ದೆ.

ಡಿಸೆಂಬರ್‌ನಲ್ಲಿ ಪೋಷಕರ ಸಭೆ. ಹೆಂಡತಿಗೆ ಹೋಗಲು ಹೇಳಿದೆ. "ನೀವು ಅಲ್ಲೇ ಇರ್ತೀರಿ, ನಾನ್ಯಾಕೆ ಅಷ್ಟು ದೂರ ಬಸ್ಸಲ್ಲಿ ಬರ್ಲಿ?" ಅಂದಳು. ಹಾಗಾಗಿ ನನ್ನದೇ ಕಾಲೇಜಿನಲ್ಲಿ, ಸಮಾಜಶಾಸ್ತ್ರದ ಕೋಣೆಯ ಹೊರಗೆ, ಕಂಬಳಿಯವರು, ಮಗ್ಗದವರು, ಅಂಗಡಿಯವರ ನಡುವೆ ಬೆಂಚಿನ ಮೇಲೆ ಸರದಿಗೆ ಕೂತೆ. ಪ್ರಿನ್ಸಿಪಾಲರು ಹಾದುಹೋಗುವಾಗ ನನ್ನನ್ನು ನೋಡಿ ನಕ್ಕರು.

ಮೇಡಂ ನನ್ನನ್ನು ಕೂರಿಸಿ, "ಮಗಳು ಚೆನ್ನಾಗಿ ಓದ್ತಾಳೆ ಸಾರ್. ಒಂದೇ ಒಂದು ಮಾತು" ಅಂತ ನೋಟ್ ಬುಕ್ಕಿನ ಕೊನೆಯ ಪುಟ ತೆರೆದು ನನ್ನ ಮುಂದಿಟ್ಟರು.

ನಕ್ಷೆ. ನಮ್ಮ ಕಾಲೇಜಿನ ನಕ್ಷೆ. ಗೇಟು, ಬೇವಿನ ಮರ, ನೀರಿನ ಟ್ಯಾಂಕು, ಗೇಟಿನಾಚೆಯ ಮಿರ್ಚಿ ಅಂಗಡಿ, ಎಲ್ಲ ಅದರದರ ಜಾಗದಲ್ಲಿ. ಕೆಳಗೆ ಸ್ಕೇಲು, ಪಕ್ಕದಲ್ಲಿ ಬಣ್ಣಗಳ ಸೂಚಿ. ಸ್ಟಾಫ್ ರೂಮಿನ ಸುತ್ತ ಒಂದರೊಳಗೊಂದು ಗೆರೆ ಸುತ್ತಿ, ನಡುವೆ 'ಅಧಿಕ ಒತ್ತಡ ಪ್ರದೇಶ' ಅಂತ ಬರೆದಿದ್ದಳು. ಸೂಚಿಯಲ್ಲಿ, 'ಕೆಂಪು: ಅಪ್ಪ ಇರುವ ಜಾಗ. ಹಳದಿ: ಅಪ್ಪ ಬರುವ ಸಂಭವ. ಹಸಿರು: ನಿರ್ಭಯವಾಗಿ ಹರಟೆ ಹೊಡೆಯಬಹುದು.' ಸ್ಟಾಫ್ ರೂಮಿನಿಂದ ಮಿರ್ಚಿ ಅಂಗಡಿಯವರೆಗೆ ಒಂದು ಕೆಂಪು ಬಾಣ. ಅದರ ಮೇಲೆ ಸಣ್ಣಕ್ಷರದಲ್ಲಿ: 'ಅಪ್ಪನ ದೈನಂದಿನ ವಲಸೆ. ಸಮಯ ಹನ್ನೊಂದೂ ಹತ್ತು. ಡಾಕ್ಟರು ಎಣ್ಣೆ ಪದಾರ್ಥ ಬೇಡ ಅಂದ ಮೇಲೆ ಶುರುವಾದದ್ದು.'

"ಇಡೀ ಕ್ಲಾಸು ಇದನ್ನ ಕಾಪಿ ಮಾಡ್ಕೊಂಡೈತೆ ಸಾರ್" ಅಂದರು ಮೇಡಂ. ಆಮೇಲೆ ಬೆರಳಿನಿಂದ ಆ ಕೆಂಪು ಬಾಣವನ್ನು ಸವರಿದರು. "ಇಷ್ಟು ವರ್ಷದಿಂದ ಪಾಠ ಮಾಡ್ತಿದೀನಿ. ನಾನು ಹೇಳ್ಕೊಟ್ಟಿದ್ದನ್ನ ಒಂದು ಮಗುನೂ ಹಿಂಗೆ ಬದುಕಿಗೆ ಬಳಸ್ಕೊಂಡಿಲ್ಲ ಸಾರ್. ನೀವು ಪಾಠಾನೇ ಮಾಡ್ದೆ ಇವಳಿಗೆ ಕಲಿಸಿದೀರಲ್ಲ."

ತಲೆ ಎತ್ತಿ ಅವರ ಮುಖ ನೋಡಿದೆ. ಅಲ್ಲಿದ್ದದ್ದು ಏನು ಅಂತ ನನಗೆ ತಕ್ಷಣ ಗೊತ್ತಾಯಿತು. ದಿನಾ ಕನ್ನಡಿಯಲ್ಲಿ ನೋಡುವವನಿಗೆ ಗೊತ್ತಾಗದೆ ಇರುತ್ತದೆಯೇ? ಅಷ್ಟು ವರ್ಷದ ಉರಿಗೆ ಯಾರೋ ಮಜ್ಜಿಗೆ ಸುರಿದ ಹಾಗಾಯಿತು.

ಆದರೂ ಅಪ್ಪ ಅಂದ ಮೇಲೆ ಬೈಯಬೇಕಲ್ಲ. ನಕ್ಷೆಯಲ್ಲಿ ತಪ್ಪು ಹುಡುಕಿ, ಆ ನೆಪದಲ್ಲಿ ಬೈಯೋಣ ಅಂತ ಮಾರನೇ ದಿನ ಅಟೆಂಡರ್ ಕೈಗೆ ಟೇಪಿನ ಒಂದು ತುದಿ ಕೊಟ್ಟು ಸ್ಟಾಫ್ ರೂಮಿನಿಂದ ಮಿರ್ಚಿ ಅಂಗಡಿಯವರೆಗೂ ಅಳೆದೆ. ಒಂದಡಿಯೂ ಹೆಚ್ಚುಕಮ್ಮಿ ಇರಲಿಲ್ಲ. ಮರ ಸರಿ, ಟ್ಯಾಂಕು ಸರಿ, ಗೇಟು ಸರಿ. ಆದರೆ ಕೊನೆಗೆ ಒಂದು ತಪ್ಪು ಸಿಕ್ಕೇಬಿಟ್ಟಿತು.

ಸಾಯಂಕಾಲ ಮನೆಗೆ ಹೋದವನೇ, ಚಪ್ಪಲಿ ಬಿಡುವ ಮೊದಲೇ ಹೇಳಿದೆ: "ಎಲ್ಲ ಸರಿಯಾಗೈತೆ ಕಣವ್ವ, ಆದ್ರೆ ಭೂಗೋಳದಲ್ಲಿ ನಿಖರತೆ ಮುಖ್ಯ. ನಾನು ಮಿರ್ಚಿ ಅಂಗಡಿಗೆ ಹೋಗೋದು ಹನ್ನೊಂದೂ ಹತ್ತಕ್ಕಲ್ಲ, ಹನ್ನೊಂದೂ ಎಂಟಕ್ಕೆ."

ಮಗಳು ಕಣ್ಣು ಮಿಟುಕಿಸಿ ಸನ್ನೆ ಮಾಡಿದಳು. ತಿರುಗಿ ನೋಡಿದೆ. ಹೆಂಡತಿ ಬಾಗಿಲ ಪಕ್ಕದಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದಳು.

ಅವಳು ತಲೆ ಎತ್ತದೆಯೇ ಹೇಳಿದಳು: "ಎಷ್ಟು ತಿಂತೀರಿ ಅನ್ನೋದನ್ನೂ ನಿಖರವಾಗಿ ಹೇಳಿಬಿಡ್ರಿ. ಮಗು ಅದನ್ನೂ ನಕ್ಷೇಲಿ ಗುರುತು ಮಾಡ್ಕೊಳ್ಲಿ."